ಸರ್ಕಾರಿ ಕಚೇರಿಯ ಹಸಿರು ಖರೀದಿ: ಯಾವ ವಸ್ತುವಿಗೆ ಯಾವ ದಾರಿ?

ಸರ್ಕಾರಿ ಕಚೇರಿಯೊಂದರಲ್ಲಿ ಖರೀದಿಯ ಫೈಲ್ ನಿಮ್ಮ ಮೇಜಿಗೆ ಬಂದಿದೆ ಎಂದುಕೊಳ್ಳಿ. ಮೇಲಿನಿಂದ ಬಂದಿರುವ ಸೂಚನೆ ಒಂದೇ ಸಾಲು: ‘ಪರಿಸರಸ್ನೇಹಿ ವಸ್ತುಗಳಿಗೆ ಆದ್ಯತೆ ಕೊಡಿ.’ ಆದ್ಯತೆ ಅಂದರೆ ಎಷ್ಟು? ಅದನ್ನು ಕೊಡುವುದು ಹೇಗೆ? ಕಡಿಮೆ ದರ ಹಾಕಿದವರನ್ನು ಯಾಕೆ ಬಿಟ್ಟಿರಿ ಅಂತ ನಾಳೆ ಆಡಿಟ್‌ನವರು ಕೇಳಿದರೆ ಯಾವ ಕಾಗದ ತೋರಿಸುವುದು? ಸೂಚನೆಯಲ್ಲಿ ಇದಕ್ಕೆಲ್ಲ ಉತ್ತರ ಇರುವುದಿಲ್ಲ.

ಈ ಆದ್ಯತೆಯನ್ನು ಟೆಂಡರಿನೊಳಗೆ ತರಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಕಡ್ಡಾಯ ಷರತ್ತು ಹಾಕಬಹುದು. ಅಂಕ ಕೊಡಬಹುದು. ವಸ್ತು ಬಾಳುವಷ್ಟು ಕಾಲದ ಪೂರ್ತಿ ಖರ್ಚನ್ನು ಹೋಲಿಸಬಹುದು. ಇಲ್ಲವೇ ಪರಿಸರದ ಮೇಲೆ ಬೀಳುವ ಹೊರೆಗೇ ಒಂದು ಬೆಲೆ ಕಟ್ಟಿ ಹೋಲಿಕೆಯಲ್ಲಿ ಸೇರಿಸಬಹುದು. ನಾಲ್ಕೂ ಒಳ್ಳೆಯವೇ. ಆದರೆ ಎಲ್ಲಾ ವಸ್ತುವಿಗೂ ಒಂದೇ ದಾರಿ ಹಿಡಿದರೆ ಕೆಲಸ ಕೆಡುತ್ತದೆ. ಕಾಗದಕ್ಕೆ ಹೊಂದುವ ವಿಧಾನ ಏರ್ ಕಂಡಿಷನರ್‌ಗೆ ಹೊಂದುವುದಿಲ್ಲ, ಏರ್ ಕಂಡಿಷನರ್‌ಗೆ ಹೊಂದುವುದು ಸೇತುವೆಗೆ ಸಾಲುವುದಿಲ್ಲ.

ಇದು ಸಣ್ಣ ವಿಷಯವೂ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಸರ್ಕಾರಿ ಖರೀದಿಯ ಮೊತ್ತ ಅಲ್ಲಿನ ಒಟ್ಟು ಆಂತರಿಕ ಉತ್ಪನ್ನದ ಸುಮಾರು ಶೇ 14ರಷ್ಟಿದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 12.7ನೆಯದು ಸರ್ಕಾರಿ ಖರೀದಿಯ ಬಗ್ಗೆಯೇ ಇದೆ. ಇಷ್ಟು ದೊಡ್ಡ ಗಿರಾಕಿ ‘ನಮಗೆ ಇಂಥದ್ದೇ ಬೇಕು’ ಎಂದರೆ ಮಾರುಕಟ್ಟೆ ಕಿವಿಗೊಡಲೇಬೇಕು.

ಹೊರೆ ಎಲ್ಲಿದೆ ಅಂತ ಮೊದಲು ನೋಡಿ

ದಾರಿ ಆರಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ವಸ್ತು ಪರಿಸರಕ್ಕೆ ಹೆಚ್ಚು ಹಾನಿ ಮಾಡುವುದು ಯಾವ ಹಂತದಲ್ಲಿ? ತಯಾರಾಗುವಾಗಲೋ, ಬಳಸುವಾಗಲೋ, ಬಿಸಾಡುವಾಗಲೋ?

ಲ್ಯಾಪ್‌ಟಾಪ್ ತಗೊಳ್ಳಿ. ಅದು ತಿನ್ನುವ ಕರೆಂಟ್ ಕಡಿಮೆ. ಅದರ ಇಂಗಾಲದ ಲೆಕ್ಕದಲ್ಲಿ ದೊಡ್ಡ ಪಾಲು ಚಿಪ್, ಪರದೆ, ಬ್ಯಾಟರಿ ತಯಾರಾಗುವಾಗಲೇ ಮುಗಿದಿರುತ್ತದೆ. ಹಾಗಿರುವಾಗ ‘ಶೇ 10ರಷ್ಟು ಕರೆಂಟ್ ಉಳಿಸುತ್ತದೆ’ ಎಂಬ ಕಾರಣಕ್ಕೆ ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪ್ ಬದಲಿಸಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಇಲ್ಲಿ ಹಸಿರು ಎಂದರೆ ನಾಲ್ಕು ವರ್ಷಕ್ಕೆ ಬದಲಿಸುತ್ತಿದ್ದುದನ್ನು ಆರು ವರ್ಷಕ್ಕೆ ಎಳೆಯುವುದು. ಅಂದರೆ ಟೆಂಡರಿನಲ್ಲಿ ಕೇಳಬೇಕಾದ್ದು ಬ್ಯಾಟರಿ ಬದಲಿಸಲು ಬರುತ್ತದೆಯೇ, ಮೆಮೊರಿ ಹೆಚ್ಚಿಸಲು ಬರುತ್ತದೆಯೇ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಸಾಫ್ಟ್‌ವೇರ್‌ನ ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಅಂತ.

ಏರ್ ಕಂಡಿಷನರ್, ದೀಪ, ನೀರಿನ ಪಂಪ್ ಇದಕ್ಕೆ ತದ್ವಿರುದ್ಧ. ಇವುಗಳ ಹೊರೆಯೆಲ್ಲ ವರ್ಷಗಟ್ಟಲೆ ಓಡುವಾಗ ಸುಡುವ ಕರೆಂಟಿನಲ್ಲಿದೆ. ಹಳೆಯದು ಇನ್ನೂ ಓಡುತ್ತಿದ್ದರೂ ಒಳ್ಳೆಯ ಹೊಸದನ್ನು ಹಾಕುವುದು ಎಷ್ಟೋ ಸಲ ಸರಿಯಾದ ತೀರ್ಮಾನ. ಏರ್ ಕಂಡಿಷನರ್ ವಿಷಯದಲ್ಲಿ ಒಳಗಿರುವ ಅನಿಲವನ್ನೂ ನೋಡಬೇಕು. ಆರ್-410ಎ ಅನಿಲ ಸೋರಿದರೆ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ನ ಸುಮಾರು 2,000 ಪಟ್ಟು. ಆರ್-32 ಅದರ ಮೂರನೇ ಒಂದು ಭಾಗದಷ್ಟು. ಆರ್-290 ಅಂದರೆ ಪ್ರೊಪೇನ್‌ನದು ತೀರಾ ಕಡಿಮೆ, ಆದರೆ ಅದು ಹೊತ್ತಿಕೊಳ್ಳುವ ಅನಿಲವಾದ್ದರಿಂದ ಅಳವಡಿಸುವವರಿಗೆ ತರಬೇತಿ ಇರಲೇಬೇಕು.

ಬ್ಯಾಟರಿ, ಟೋನರ್, ಪಾದರಸವಿರುವ ಹಳೇ ಟ್ಯೂಬ್‌ಲೈಟ್ ಇವುಗಳಲ್ಲಿ ತಲೆನೋವು ಕೊನೆಯ ಹಂತದಲ್ಲಿ. ಹಳೆಯದನ್ನು ಯಾರು ಒಯ್ಯುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ ಎಂಬುದು ಕರಾರಿನಲ್ಲೇ ಇರಬೇಕು.

ಇದೆಲ್ಲಕ್ಕೂ ಮೊದಲು ಇನ್ನೊಂದು ಮಾತು. ಇಂಡೆಂಟ್‌ನಲ್ಲಿ, ಅಂದರೆ ಬೇಡಿಕೆ ಪಟ್ಟಿಯಲ್ಲಿ, 50 ಪ್ರಿಂಟರ್ ಕೇಳಿದ್ದಾರೆ ಅಂದರೆ 50 ಬೇಕೇ ಅಂತ ಕೇಳಿ. ಪ್ರತಿ ಮೇಜಿಗೊಂದು ಇಡುವ ಬದಲು ಪಡಸಾಲೆಗೊಂದು ದೊಡ್ಡ ಪ್ರಿಂಟರ್ ಇಟ್ಟರೆ ಕಾಗದ, ಟೋನರ್, ರಿಪೇರಿ ಮೂರೂ ಇಳಿಯುತ್ತವೆ. ಕೊಳ್ಳದೇ ಉಳಿದ ವಸ್ತುವಿಗಿಂತ ಹಸಿರಾದ ವಸ್ತು ಯಾವ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ.

ಕಡ್ಡಾಯ ಷರತ್ತು

ಇದು ನಾಲ್ಕರಲ್ಲಿ ಸರಳವಾದದ್ದು. ‘ಈ ಮಟ್ಟ ಮುಟ್ಟದಿದ್ದರೆ ಬಿಡ್ ತಿರಸ್ಕೃತ’ ಎಂದು ಸ್ಪೆಸಿಫಿಕೇಶನ್‌ನಲ್ಲೇ ಬರೆಯುವುದು. ಮಟ್ಟ ಮುಟ್ಟಿದವರಲ್ಲಿ ಯಾರ ದರ ಕಡಿಮೆಯೋ ಅವರಿಗೆ ಆರ್ಡರ್. ಆಡಿಟ್ ಮುಂದೆ ಉತ್ತರ ಹೇಳುವುದೂ ಸುಲಭ, ಯಾಕೆಂದರೆ ಕೊನೆಯ ತೀರ್ಮಾನ ದರದ ಮೇಲೆಯೇ ಆಗಿರುತ್ತದೆ.

ಇದರ ಶಕ್ತಿ ಏನೆಂದು ಅಮೆರಿಕದ ಉದಾಹರಣೆಯಲ್ಲಿ ಕಾಣುತ್ತದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ, ಕರೆಂಟ್ ಕಡಿಮೆ ಎಳೆಯುವ ಉಪಕರಣಗಳಿಗೆ ಕೊಡುವ ಎನರ್ಜಿ ಸ್ಟಾರ್ ಗುರುತನ್ನು ಶುರು ಮಾಡಿತು. ಮರುವರ್ಷವೇ ಅಧ್ಯಕ್ಷರ ಆದೇಶ ಹೊರಟಿತು: ಫೆಡರಲ್ ಕಚೇರಿಗಳು ಕೊಳ್ಳುವ ಕಂಪ್ಯೂಟರ್, ಮಾನಿಟರ್, ಪ್ರಿಂಟರ್‌ಗಳು ಆ ಮಟ್ಟ ಮುಟ್ಟಿರಬೇಕು. ಅದೇ ವರ್ಷ ಮುದ್ರಣ ಮತ್ತು ಬರವಣಿಗೆಯ ಕಾಗದದಲ್ಲಿ ಕನಿಷ್ಠ ಶೇ 20ರಷ್ಟು ಬಳಸಿದ ಕಾಗದದ ಪಾಲು ಇರಬೇಕು ಎಂಬ ಇನ್ನೊಂದು ಆದೇಶವೂ ಬಂತು. ಆಮೇಲೆ ಅದು ಶೇ 30 ಆಯಿತು. 2001ರಲ್ಲಿ ಮತ್ತೊಂದು ಆದೇಶ: ಉಪಕರಣ ಸುಮ್ನೆ ಸ್ಟ್ಯಾಂಡ್‌ಬೈನಲ್ಲಿದ್ದಾಗ ಎಳೆಯುವ ಕರೆಂಟ್ 1 ವ್ಯಾಟ್ ಮೀರಬಾರದು, ಅಂಥದ್ದು ಸಿಗದಿದ್ದರೆ ಸಿಗುವವುಗಳಲ್ಲಿ ಅತಿ ಕಡಿಮೆ ಎಳೆಯುವುದನ್ನು ಕೊಳ್ಳಬೇಕು. ಸರ್ಕಾರಕ್ಕೊಂದು ಮಾಡೆಲ್, ಜನರಿಗೊಂದು ಮಾಡೆಲ್ ಅಂತ ಎರಡೆರಡು ಸಾಲು ನಡೆಸುವುದು ತಯಾರಕರಿಗೆ ದುಬಾರಿ. ಹೀಗಾಗಿ ಕಚೇರಿಗೆಂದು ಹಾಕಿದ ಷರತ್ತಿನ ಲಾಭ ಮನೆಗಳಿಗೂ ತಲುಪುತ್ತದೆ.

ಕೊರತೆಯೂ ಇದೆ. ಮಟ್ಟ ದಾಟಿದ ಮೇಲೆ ಇನ್ನೂ ಚೆನ್ನಾಗಿ ಮಾಡಿದವರಿಗೆ ಏನೂ ಸಿಗುವುದಿಲ್ಲ. ಮಟ್ಟವನ್ನು ತೀರಾ ಕೆಳಗಿಟ್ಟರೆ ಯಾರೂ ಹೊರಗುಳಿಯುವುದಿಲ್ಲ, ಷರತ್ತು ಕಾಗದದ ಮೇಲಷ್ಟೇ ಇರುತ್ತದೆ. ತೀರಾ ಮೇಲಿಟ್ಟರೆ ಒಬ್ಬರೇ ಉಳಿಯುತ್ತಾರೆ, ದರ ಏರುತ್ತದೆ, ‘ಅವರಿಗಾಗಿಯೇ ಬರೆದ ಟೆಂಡರ್’ ಎಂಬ ದೂರು ಬರುತ್ತದೆ. ಆದ್ದರಿಂದ ಷರತ್ತು ಬರೆಯುವ ಮುಂಚೆ ಮಾರುಕಟ್ಟೆ ನೋಡಿ. ಕನಿಷ್ಠ ಮೂರು ಬೇರೆ ಬೇರೆ ತಯಾರಕರ ಮಾಲು ಆ ಮಟ್ಟದಲ್ಲಿದೆಯೇ ಎಂದು ಖಚಿತ ಮಾಡಿಕೊಂಡು, ಆ ಮೂರರ ವಿವರವನ್ನು ಫೈಲಿನಲ್ಲಿ ಹಾಕಿಡಿ. ಪ್ರೀ ಬಿಡ್ ಮೀಟಿಂಗ್‌ನಲ್ಲಿ ಪ್ರಶ್ನೆ ಬಂದಾಗ ಅದೇ ನಿಮ್ಮ ಉತ್ತರ.

ಕಾಗದ, ದೀಪ, ಸ್ವಚ್ಛತೆಯ ಸಾಮಗ್ರಿ, ಕಂಪ್ಯೂಟರ್‌ನಂಥ ಸಿದ್ಧ ಮಾಲಿಗೆ ನಾನು ಇದನ್ನೇ ಆರಿಸುತ್ತೇನೆ.

ಅಂಕ ಕೊಡುವ ದಾರಿ

ಇದರಲ್ಲಿ ದರಕ್ಕಿಷ್ಟು, ಪರಿಸರಕ್ಕಿಷ್ಟು ಅಂತ 100 ಅಂಕವನ್ನು ಹಂಚುತ್ತಾರೆ. ಕೇಳಲು ಸೊಗಸು, ಆದರೆ ಕೂಡಿ ಕಳೆದು ನೋಡದೆ ಹಂಚಿದರೆ ನಾವು ಅಂದುಕೊಂಡದ್ದೇ ಬೇರೆ, ಆಗುವುದೇ ಬೇರೆ. ಸ್ವಲ್ಪ ಹತ್ತಿರದಿಂದ ನೋಡೋಣ.

ದರಕ್ಕೆ 90, ಪರಿಸರಕ್ಕೆ 10 ಎಂದಿಟ್ಟುಕೊಳ್ಳಿ. ದರದ ಅಂಕಕ್ಕೆ ಸಾಮಾನ್ಯವಾಗಿ ಬಳಸುವ ಒಂದು ಸೂತ್ರ: ಅತಿ ಕಡಿಮೆ ದರವನ್ನು ಆ ಬಿಡ್‌ನ ದರದಿಂದ ಭಾಗಿಸಿ, 90ರಿಂದ ಗುಣಿಸುವುದು. ಮೊದಲನೆಯವರ ದರ 100, ಪರಿಸರದ ಅಂಕ ಸೊನ್ನೆ. ಅವರಿಗೆ ಒಟ್ಟು 90. ಎರಡನೆಯವರ ದರ 110, ಪರಿಸರದ ಅಂಕ ಪೂರ್ತಿ 10. ಅವರಿಗೆ ದರದಲ್ಲಿ 81.8, ಒಟ್ಟು 91.8. ಎರಡನೆಯವರು ಗೆದ್ದರು. ಇದೇ ಲೆಕ್ಕದಲ್ಲಿ ಅವರ ದರ 112.5 ತನಕ ಹೋಗಬಹುದು, ಅದನ್ನು ದಾಟಿದರೆ ಸೋಲುತ್ತಾರೆ. ಅಂದರೆ ‘10 ಅಂಕ’ ಎಂದು ಬರೆದಾಗ ನೀವು ನಿಜವಾಗಿ ಹೇಳಿದ್ದು, ‘ಹಸಿರಿಗಾಗಿ ಶೇ 12.5ರ ತನಕ ಹೆಚ್ಚು ಕೊಡಲು ಸಿದ್ಧ’ ಅಂತ.

ಈಗ ಇನ್ನೊಂದು ಸ್ಥಿತಿ ನೋಡಿ. ಪರಿಸರದ 10 ಅಂಕದಲ್ಲಿ 6 ಅಂಕ ‘ಪರಿಸರ ನೀತಿಯ ಪ್ರತಿ ಲಗತ್ತಿಸಿದ್ದರೆ’ ಎಂದು ಬರೆದಿದ್ದೀರಿ. ಪ್ರತಿ ಎಲ್ಲರೂ ಲಗತ್ತಿಸುತ್ತಾರೆ, ಅಲ್ವಾ? ಎಲ್ಲರಿಗೂ 6 ಸಿಕ್ಕಿತು. ಪೈಪೋಟಿಗೆ ಉಳಿದದ್ದು 4 ಅಂಕ ಮಾತ್ರ. ಆಗ ಹಸಿರು ಮಾಲಿನವರು ಶೇ 4.6ಕ್ಕಿಂತ ಚೂರು ಹೆಚ್ಚು ದರ ಹಾಕುವಷ್ಟರಲ್ಲೇ ಸೋಲುತ್ತಾರೆ. ಹೊರಗಿನಿಂದ 10 ಅಂಕದ ಹಸಿರು ಟೆಂಡರ್, ಒಳಗೆ ಅದರ ಅರ್ಧವೂ ಇಲ್ಲ.

ತಿರುಗಿಸಿ ನೋಡಿದರೆ ಅಪಾಯವೂ ಕಾಣುತ್ತದೆ. ದರಕ್ಕೆ 70, ಪರಿಸರಕ್ಕೆ 30 ಇಟ್ಟು, ಒಬ್ಬರಿಗೆ 30, ಇನ್ನೊಬ್ಬರಿಗೆ ಸೊನ್ನೆ ಬಂದರೆ, ಶೇ 75ರಷ್ಟು ಹೆಚ್ಚು ದರ ಹಾಕಿದವರೂ ಸಮಕ್ಕೆ ನಿಲ್ಲುತ್ತಾರೆ. ಅದು ನಿಮ್ಮ ಉದ್ದೇಶವಾಗಿತ್ತೇ? ಅಂಕ ಹಂಚುವ ಮುಂಚೆ ‘ಎಷ್ಟು ಹೆಚ್ಚು ಕೊಡಲು ನಾವು ಸಿದ್ಧ’ ಎಂಬುದನ್ನು ಮೊದಲು ತೀರ್ಮಾನಿಸಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಕಕ್ಕೆ ಬನ್ನಿ. ಎರಡು ಮೂರು ಕಾಲ್ಪನಿಕ ಬಿಡ್ ಹಾಕಿ ಪರೀಕ್ಷಿಸಲು ಅರ್ಧ ಗಂಟೆ ಸಾಕು.

ಅಂಕದ ದಾರಿ ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂಬ ಭಯ ಸಹಜ. ಇದಕ್ಕೆ ಫಿನ್‌ಲೆಂಡಿನ ಹೆಲ್ಸಿಂಕಿ ನಗರದ ಬಸ್ಸಿನ ಪ್ರಕರಣ ಒಳ್ಳೆಯ ಪಾಠ. 1997ರಲ್ಲಿ ಆ ನಗರ ಬಸ್ ಮಾರ್ಗಕ್ಕೆ ಟೆಂಡರ್ ಕರೆದಾಗ, ನೈಟ್ರೋಜನ್ ಆಕ್ಸೈಡ್ ಕಡಿಮೆ ಬಿಡುವ ಬಸ್ಸಿಗೂ, 77 ಡೆಸಿಬೆಲ್‌ಗಿಂತ ಕಡಿಮೆ ಸದ್ದು ಮಾಡುವ ಬಸ್ಸಿಗೂ ಹೆಚ್ಚುವರಿ ಅಂಕ ಇಟ್ಟಿತ್ತು. ನೈಸರ್ಗಿಕ ಅನಿಲದ ಬಸ್ಸುಗಳಿದ್ದ ನಗರದ್ದೇ ಸಾರಿಗೆ ಘಟಕ ಗೆದ್ದಿತು. ಸೋತ ಕಂಪನಿ ಕೋರ್ಟಿಗೆ ಹೋಯಿತು. ಯುರೋಪಿಯನ್ ನ್ಯಾಯಾಲಯ 2002ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿತು: ಪರಿಸರದ ಮಾನದಂಡ ಇಡಬಹುದು. ಆದರೆ ಅದು ಕೊಳ್ಳುತ್ತಿರುವ ವಿಷಯಕ್ಕೇ ಸಂಬಂಧಪಟ್ಟಿರಬೇಕು, ಅಧಿಕಾರಿಗೆ ಮನಬಂದಂತೆ ಆರಿಸುವ ಸ್ವಾತಂತ್ರ್ಯ ಕೊಡಬಾರದು, ಟೆಂಡರಿನಲ್ಲಿ ಮೊದಲೇ ಬರೆದಿರಬೇಕು, ತಾರತಮ್ಯ ಮಾಡಬಾರದು. ಮಾನದಂಡ ಮುಟ್ಟುವವರು ಕೆಲವರೇ ಇದ್ದರು ಎಂಬುದಷ್ಟೇ ತಾರತಮ್ಯವಾಗದು ಎಂದೂ ಹೇಳಿತು.

ಮರುವರ್ಷ ಆಸ್ಟ್ರಿಯಾದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮಗ್ಗುಲನ್ನು ತೋರಿಸಿತು. ಅಲ್ಲಿ ಸರ್ಕಾರಿ ಕಚೇರಿಗಳಿಗೆ ವಿದ್ಯುತ್ ಕೊಳ್ಳುವಾಗ ನವೀಕರಿಸಬಹುದಾದ ಮೂಲಕ್ಕೆ ಶೇ 45ರ ತೂಕ ಇಟ್ಟಿದ್ದರು. ಅಷ್ಟು ತೂಕ ಇಡುವುದು ತಪ್ಪಲ್ಲ ಎಂದಿತು ನ್ಯಾಯಾಲಯ. ಬಿಡ್‌ದಾರರು ಹೇಳಿದ್ದು ನಿಜವೇ ಎಂದು ಪರೀಕ್ಷಿಸುವ ವ್ಯವಸ್ಥೆ ಇಲ್ಲದ ಮಾನದಂಡ ಮಾತ್ರ ನಿಲ್ಲುವುದಿಲ್ಲ ಎಂದಿತು. ನಾವು ಕೊಳ್ಳುವ ಪ್ರಮಾಣಕ್ಕೆ ಸಂಬಂಧವಿಲ್ಲದೆ, ಕಂಪನಿ ಬೇರೆಯವರಿಗೆ ಎಷ್ಟು ಹಸಿರು ವಿದ್ಯುತ್ ಮಾರುತ್ತದೆ ಎಂಬುದಕ್ಕೆ ಅಂಕ ಕೊಡುವುದನ್ನೂ ಒಪ್ಪಲಿಲ್ಲ. ಇದು ಯುರೋಪಿನ ಕಾನೂನು ನಿಜ, ಆದರೆ ತರ್ಕ ಎಲ್ಲಿಯಾದರೂ ಸಲ್ಲುತ್ತದೆ: ಪರೀಕ್ಷಿಸಲು ಆಗದ ವಿಷಯಕ್ಕೆ ಅಂಕ ಇಡಬೇಡಿ. ನಿಮ್ಮ ಖರೀದಿ ನಿಯಮದಲ್ಲಿ ಅಂಕದ ಪದ್ಧತಿಗೆ ಯಾವ ಬಗೆಯ ಖರೀದಿಯಲ್ಲಿ ಅವಕಾಶ ಇದೆ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಸೇವೆಗಳಿಗೆ ಅಂಕದ ದಾರಿ ಚೆನ್ನಾಗಿ ಒಗ್ಗುತ್ತದೆ. ಬಸ್ ಓಡಿಸುವುದು, ಕಟ್ಟಡದ ನಿರ್ವಹಣೆ, ಕಸ ಸಾಗಣೆ ಇಂಥಲ್ಲಿ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಕೆಲಸ ಮಾಡುತ್ತಾರೆ, ಆ ವ್ಯತ್ಯಾಸವನ್ನು ಅಳೆಯಲು ಅಂಕ ಬೇಕು.

ಪೂರ್ತಿ ಬಾಳಿಕೆಯ ಖರ್ಚು

ಕರೆಂಟ್, ಇಂಧನ, ನೀರು, ಟೋನರ್ ತಿನ್ನುವ ಯಾವುದೇ ವಸ್ತುವಿಗೆ ನನ್ನ ಪ್ರಕಾರ ಇದೇ ನ್ಯಾಯವಾದ ಹೋಲಿಕೆ. ಕೊಳ್ಳುವ ಬೆಲೆ, ಓಡಿಸುವ ಖರ್ಚು, ರಿಪೇರಿ, ಕೊನೆಗೆ ವಿಲೇವಾರಿ, ಎಲ್ಲ ಕೂಡಿಸಿ ಯಾರದು ಕಡಿಮೆಯೋ ಅವರಿಗೆ ಆರ್ಡರ್. ಯುರೋಪಿಯನ್ ಒಕ್ಕೂಟದ 2014ರ ಖರೀದಿ ನಿರ್ದೇಶನದಲ್ಲಿ ಇದಕ್ಕೆಂದೇ ಒಂದು ವಿಧಿ ಇದೆ.

ದೀಪದ ಲೆಕ್ಕ ನೋಡಿ. ಒಂದು ಜಾಗಕ್ಕೆ 2,000 ಲ್ಯೂಮೆನ್ ಬೆಳಕು ಬೇಕು (ಲ್ಯೂಮೆನ್ ಅಂದರೆ ದೀಪ ಕೊಡುವ ಬೆಳಕಿನ ಅಳತೆ). ಒಂದು ಎಲ್‌ಇಡಿ ಪ್ರತಿ ವ್ಯಾಟಿಗೆ 100 ಲ್ಯೂಮೆನ್ ಕೊಡುತ್ತದೆ, ಅಂದರೆ 20 ವ್ಯಾಟ್ ಎಳೆಯುತ್ತದೆ. ಇನ್ನೊಂದು 125 ಲ್ಯೂಮೆನ್ ಕೊಡುತ್ತದೆ, 16 ವ್ಯಾಟ್ ಸಾಕು. ವ್ಯತ್ಯಾಸ 4 ವ್ಯಾಟ್. ದಿನಕ್ಕೆ 10 ಗಂಟೆ, ವರ್ಷಕ್ಕೆ 250 ಕೆಲಸದ ದಿನ ಅಂದರೆ 2,500 ಗಂಟೆ. ಒಂದು ದೀಪದಲ್ಲಿ ವರ್ಷಕ್ಕೆ 10 ಯೂನಿಟ್ ಉಳಿತಾಯ, 25,000 ಗಂಟೆಯ ಬಾಳಿಕೆಯಲ್ಲಿ 100 ಯೂನಿಟ್. ಈಗ ಹೋಲಿಕೆ ಸುಲಭ: ಎರಡು ದೀಪಗಳ ಬೆಲೆಯ ಅಂತರ 100 ಯೂನಿಟ್ ಕರೆಂಟಿನ ಬಿಲ್ಲಿಗಿಂತ ಕಡಿಮೆ ಇದ್ದರೆ, ‘ದುಬಾರಿ’ ದೀಪವೇ ಅಗ್ಗ. ಎಲ್ಲರೂ ‘20 ವ್ಯಾಟ್ ಎಲ್‌ಇಡಿ’ ಎಂದು ಸ್ಪೆಸಿಫಿಕೇಶನ್ ಬರೆಯುತ್ತಾರಲ್ಲ, ಅದು ಈ ಹೋಲಿಕೆಯನ್ನೇ ಮುಚ್ಚಿಹಾಕುತ್ತದೆ. ಕೊಳ್ಳುವುದು ಬೆಳಕನ್ನು, ವ್ಯಾಟನ್ನಲ್ಲ. ಲ್ಯೂಮೆನ್ ಕೇಳಿ, ಅದಕ್ಕೆ ಎಷ್ಟು ವ್ಯಾಟ್ ಬೇಕೆಂದು ಅವರು ಹೇಳಲಿ.

ಹಳೇ ಟ್ಯೂಬ್‌ಲೈಟ್ ತೆಗೆಯುವ ಲೆಕ್ಕ ಇನ್ನೂ ದೊಡ್ಡದು. 36 ವ್ಯಾಟಿನ ಟ್ಯೂಬ್ ಹಳೇ ಚೋಕಿನ ಜೊತೆ ಸೇರಿ ಸುಮಾರು 45 ವ್ಯಾಟ್ ಎಳೆಯುತ್ತದೆ. ಅದರ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಬಂದರೆ, 400 ಟ್ಯೂಬಿನ ಕಚೇರಿಯಲ್ಲಿ ಅದೇ 2,500 ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ 25,000 ಯೂನಿಟ್ ಉಳಿಯುತ್ತದೆ.

ಈ ದಾರಿಯಲ್ಲಿ ಜಗಳ ಹುಟ್ಟುವುದು ಲೆಕ್ಕದ ಅಂದಾಜುಗಳ ಮೇಲೆ. ಒಬ್ಬರು ದಿನಕ್ಕೆ 6 ಗಂಟೆ ಎಂದು ಹಿಡಿದರೆ ಇನ್ನೊಬ್ಬರು 12 ಹಿಡಿಯುತ್ತಾರೆ. ಆದ್ದರಿಂದ ಅಂದಾಜುಗಳನ್ನು ಕಚೇರಿಯೇ ಕೊಡಬೇಕು: ದಿನಕ್ಕೆ ಎಷ್ಟು ಗಂಟೆ, ಯೂನಿಟ್ ದರ ಎಷ್ಟು, ಎಷ್ಟು ವರ್ಷದ ಲೆಕ್ಕ, ಮುಂದಿನ ವರ್ಷಗಳ ಖರ್ಚನ್ನು ಇಂದಿನ ಬೆಲೆಗೆ ತರಲು ಯಾವ ದರ. ಒಂದೇ ಶೀಟ್, ಎಲ್ಲರೂ ಅದರಲ್ಲೇ ತುಂಬಲಿ. ಬಳಕೆಯ ಅಂಕಿ ಮಾತ್ರ ಅವರದ್ದು, ಅದಕ್ಕೆ ಮಾನ್ಯತೆ ಪಡೆದ ಲ್ಯಾಬಿನ ವರದಿ ಕಡ್ಡಾಯ.

ನಿಜವಾದ ಅಡ್ಡಿ ಇನ್ನೊಂದಿದೆ. ಕೊಳ್ಳುವ ಹಣ ಒಂದು ಲೆಕ್ಕಶೀರ್ಷಿಕೆಯಿಂದ, ಕರೆಂಟ್ ಬಿಲ್ಲಿನ ಹಣ ಇನ್ನೊಂದರಿಂದ ಬರುತ್ತದೆ. ಖರೀದಿಯವರು ಈಗ ಹೆಚ್ಚು ಕೊಟ್ಟರೆ ಉಳಿತಾಯ ಬೇರೆಯವರ ಪುಸ್ತಕದಲ್ಲಿ ಕಾಣಿಸುತ್ತದೆ. ಹಾಗಾಗಿ ಟೆಂಡರಿನ ಮುಂಚೆಯೇ ಹಣಕಾಸು ವಿಭಾಗವನ್ನು ಜೊತೆಗೆ ಕೂರಿಸಿಕೊಂಡು ಆ ಒಂದು ಶೀಟ್ ತೋರಿಸಿ. ಹಸಿರಿನ ಬಗ್ಗೆ ಎಷ್ಟು ಹೇಳಿದರೂ ಆಗದ ಕೆಲಸ ಆ ಶೀಟಿನಿಂದ ಆಗುತ್ತದೆ.

ಹೊರೆಗೇ ಬೆಲೆ ಕಟ್ಟುವುದು

ರಸ್ತೆ, ಸೇತುವೆ, ಕಟ್ಟಡದಂಥ ಕಾಮಗಾರಿಗಳಿಗೆ ಇದು. ಸಿಮೆಂಟ್, ಉಕ್ಕು, ಡಾಂಬರು ತಯಾರಾಗುವಾಗಲೇ ಹೊರೆ ಬೀಳುತ್ತದೆ, ಆಮೇಲೆ ಕಚೇರಿಗೆ ಕರೆಂಟ್ ಬಿಲ್ಲಿನ ಹಾಗೆ ಏನೂ ಬರುವುದಿಲ್ಲ. ಹೀಗಾಗಿ ಬಾಳಿಕೆಯ ಖರ್ಚಿನ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ನೆದರ್ಲೆಂಡ್ಸ್ ಇದರಲ್ಲಿ ಮುಂದಿದೆ. ಅಲ್ಲಿನ ರೈಲು ಮಾರ್ಗಗಳನ್ನು ನೋಡಿಕೊಳ್ಳುವ ಪ್ರೊರೈಲ್ ಸಂಸ್ಥೆ 2009ರಲ್ಲಿ, ಇಂಗಾಲ ತಗ್ಗಿಸಲು ಗುತ್ತಿಗೆದಾರರು ಎಷ್ಟು ಕೆಲಸ ಮಾಡಿದ್ದಾರೆ ಎಂದು ಅಳೆಯುವ ಐದು ಮೆಟ್ಟಿಲಿನ ‘ಇಂಗಾಲದ ಏಣಿ’ಯೊಂದನ್ನು ತಂದಿತು. ಹೆಚ್ಚು ಮೇಲಿನ ಮೆಟ್ಟಿಲಲ್ಲಿರುವವರ ಬಿಡ್ ದರದಲ್ಲಿ, ಹೋಲಿಕೆಗಾಗಿ ಮಾತ್ರ, ಒಂದಷ್ಟು ಕಳೆಯುತ್ತಾರೆ. ಗೆದ್ದರೆ ಅವರು ಹಾಕಿದ ದರವನ್ನೇ ಕೊಡುತ್ತಾರೆ. ರಸ್ತೆ ಮತ್ತು ಜಲಮಾರ್ಗಗಳ ಇಲಾಖೆ ಇನ್ನೂ ಮುಂದೆ ಹೋಗಿ, ಬಳಸುವ ಸಾಮಗ್ರಿಯ ಪರಿಸರ ಹೊರೆಯನ್ನು ಯೂರೋ ಲೆಕ್ಕದಲ್ಲೇ ಅಳೆದು ಬಿಡ್‌ಗಳನ್ನು ಹೋಲಿಸುತ್ತದೆ.

ಇದಕ್ಕೆ ಪ್ರತಿ ಸಾಮಗ್ರಿಯ ಅಂಕಿಅಂಶ ಬೇಕು, ಲೆಕ್ಕ ಗೊತ್ತಿರುವ ಎಂಜಿನಿಯರುಗಳು ಬೇಕು. ಸಣ್ಣ ಕಚೇರಿ ಇದಕ್ಕೆ ಕೈ ಹಾಕುವುದು ಬೇಡ. ದೊಡ್ಡ ಕಾಮಗಾರಿ ಮಾಡುವ ಇಲಾಖೆ ಕೈ ಹಾಕದೇ ಇರುವುದೂ ಸರಿಯಲ್ಲ. ಸ್ಟೇಷನರಿಯಲ್ಲಿ ಹಸಿರು ಹುಡುಕಿ ಕಾಂಕ್ರೀಟಿನಲ್ಲಿ ಬಿಟ್ಟುಬಿಟ್ಟರೆ ದೊಡ್ಡ ಹೊರೆ ಇದ್ದಲ್ಲೇ ಉಳಿಯುತ್ತದೆ.

ಯಾವ ಗುರುತನ್ನು ನಂಬುವುದು?

ಮಾಲಿನ ಮೇಲೆ ಹಸಿರು ಎಲೆ ಅಚ್ಚು ಹಾಕುವುದು ಸುಲಭ. ಅಂತರರಾಷ್ಟ್ರೀಯ ಮಾನದಂಡಗಳು ಇವನ್ನು ಮೂರು ಬಗೆಯಾಗಿ ಬೇರ್ಪಡಿಸುತ್ತವೆ. ಐಎಸ್ಒ 14024 ಪ್ರಕಾರ ನಡೆಯುವ ಗುರುತುಗಳಲ್ಲಿ ಹೊರಗಿನ ಸಂಸ್ಥೆ ಮಟ್ಟ ನಿಗದಿ ಮಾಡಿ, ಪರೀಕ್ಷಿಸಿ ಕೊಡುತ್ತದೆ. ಐಎಸ್ಒ 14021 ಕಂಪನಿ ತಾನೇ ಹೇಳಿಕೊಳ್ಳುವ ಮಾತಿನದು. ಐಎಸ್ಒ 14025 ಪ್ರಕಾರ ಬರುವುದು ಹೊರೆಯ ಅಂಕಿಅಂಶದ ಪಟ್ಟಿ. ಅದು ‘ಒಳ್ಳೆಯದು’ ಅಂತ ಹೇಳುವುದಿಲ್ಲ, ‘ಇಷ್ಟಿದೆ’ ಅಂತ ಹೇಳುತ್ತದೆ. ಕಟ್ಟಡ ಸಾಮಗ್ರಿಗೆ ಈ ಮೂರನೆಯದು ಬೇಕಾಗುತ್ತದೆ. ಉಳಿದದ್ದಕ್ಕೆ ಮೊದಲನೆಯದನ್ನೇ ಕೇಳಿ.

ಮೊದಲ ಬಗೆಯಲ್ಲಿ ಎಲ್ಲಕ್ಕಿಂತ ಹಳೆಯದು 1978ರಲ್ಲಿ ಶುರುವಾದ ಜರ್ಮನಿಯ ಬ್ಲೂ ಏಂಜೆಲ್. ನಾರ್ಡಿಕ್ ದೇಶಗಳ ಹಂಸದ ಗುರುತು ಮತ್ತು ಜಪಾನಿನ ಇಕೋ ಮಾರ್ಕ್ 1989ರವು, ಯುರೋಪಿಯನ್ ಒಕ್ಕೂಟದ ಇಕೋಲೇಬಲ್ 1992ರದು. ಎನರ್ಜಿ ಸ್ಟಾರ್ ನೋಡುವುದು ಮುಖ್ಯವಾಗಿ ಕರೆಂಟಿನ ಬಳಕೆಯನ್ನು. ಒಳಗಿನ ರಾಸಾಯನಿಕ, ರಿಪೇರಿಯ ಅನುಕೂಲ, ವಾಪಸ್ ಪಡೆಯುವ ವ್ಯವಸ್ಥೆ ಇವನ್ನೂ ನೋಡಬೇಕೆಂದರೆ ಕಂಪ್ಯೂಟರ್‌ಗಳಿಗೆ ಇಪೀಟ್ ಅಥವಾ ಟಿಸಿಒ ಸರ್ಟಿಫೈಡ್ ಇದೆ.

‘ಈ ಗುರುತೇ ಬೇಕು’ ಎಂದು ಸುಮ್ನೆ ಬರೆದುಬಿಡಬಹುದೇ? ಹುಷಾರು. ನಾರ್ತ್ ಹಾಲೆಂಡ್ ಪ್ರಾಂತ್ಯ ಕಾಫಿ ಯಂತ್ರದ ಟೆಂಡರಿನಲ್ಲಿ ನಿರ್ದಿಷ್ಟ ಗುರುತುಗಳ ಹೆಸರು ಹಾಕಿದ್ದಕ್ಕೆ 2012ರಲ್ಲಿ ನೆದರ್ಲೆಂಡ್ಸ್ ದೇಶವೇ ಯುರೋಪಿಯನ್ ನ್ಯಾಯಾಲಯದಲ್ಲಿ ಸೋತಿತು. ಗುರುತಿನ ಹಿಂದಿರುವ ಮಾನದಂಡಗಳನ್ನು ಬರೆಯಬೇಕಿತ್ತು, ಗುರುತನ್ನು ಅದಕ್ಕೆ ಪುರಾವೆಯಾಗಿ ಒಪ್ಪಬಹುದಿತ್ತು ಎಂಬುದು ತೀರ್ಪಿನ ಸಾರ. 2014ರ ನಿರ್ದೇಶನ ಇದನ್ನು ಸ್ವಲ್ಪ ಸಡಿಲ ಮಾಡಿ, ಕೆಲವು ಷರತ್ತುಗಳೊಡನೆ ಗುರುತಿನ ಹೆಸರು ಹಾಕಲು ಬಿಟ್ಟಿತು. ಆದರೆ ಸಮಾನ ಮಟ್ಟದ ಬೇರೆ ಗುರುತನ್ನೂ ಒಪ್ಪಬೇಕು. ಹೀಗಾಗಿ ಸುರಕ್ಷಿತ ವಾಕ್ಯ ಇದು: ಮಾನದಂಡವನ್ನು ಪೂರ್ತಿ ಬರೆದು, ಕೊನೆಯಲ್ಲಿ ‘ಇಂಥ ಗುರುತು ಅಥವಾ ಸಮಾನ ಪುರಾವೆ ಒಪ್ಪಲಾಗುವುದು’ ಎಂದು ಸೇರಿಸುವುದು.

ವಸ್ತುವಾರು ಹೇಳುವುದಾದರೆ

ಕಾಗದದಲ್ಲಿ ಪ್ರಶ್ನೆ ಬರುವುದು ಮರುಬಳಕೆಯದ್ದೋ, ಪ್ರಮಾಣಿತ ಕಾಡಿನ ಹೊಸ ತಿರುಳಿನದ್ದೋ ಅಂತ. ದಿನನಿತ್ಯದ ಕಚೇರಿ ಕೆಲಸಕ್ಕೆ ಮರುಬಳಕೆಯದ್ದು. ಸ್ಪೆಸಿಫಿಕೇಶನ್‌ನಲ್ಲಿ ‘ಜನ ಬಳಸಿ ಬಿಟ್ಟ ಕಾಗದದ ಪಾಲು ಶೇಕಡಾ ಇಷ್ಟು’ ಎಂದೇ ಬರೆಯಿರಿ. ಬರೀ ‘ಮರುಬಳಕೆ’ ಎಂದರೆ ಕಾರ್ಖಾನೆಯಲ್ಲೇ ಕತ್ತರಿಸಿ ಉಳಿದ ಚೂರನ್ನೂ ಲೆಕ್ಕಕ್ಕೆ ತಂದುಬಿಡುತ್ತಾರೆ. ಬಹುಕಾಲ ಕಾಪಿಡಬೇಕಾದ ದಾಖಲೆಗೆ ಹೊಸ ತಿರುಳು ಬೇಕೆನಿಸಿದರೆ ಎಫ್‌ಎಸ್‌ಸಿ ಅಥವಾ ಪಿಇಎಫ್‌ಸಿಯಂಥ ಕಾಡಿನ ಪ್ರಮಾಣಪತ್ರ ಕೇಳಿ. ಅತಿ ಬಿಳುಪಿನ ಹಟ ಬಿಡಿ. ಜೊತೆಗೆ ಎಲ್ಲಾ ಪ್ರಿಂಟರ್‌ಗಳೂ ತಾವಾಗಿಯೇ ಎರಡೂ ಮಗ್ಗುಲಲ್ಲಿ ಮುದ್ರಿಸುವಂತೆ ಹೊಂದಿಸಿ, ಅದಕ್ಕೆ ಟೆಂಡರೇ ಬೇಕಿಲ್ಲ.

ಪ್ರಿಂಟರಿನಲ್ಲಿ ಯಂತ್ರದ ಬೆಲೆ ನೋಡಿ ಮೋಸಹೋಗಬೇಡಿ. ಪುಟಕ್ಕೆ ಎಷ್ಟು ಬೀಳುತ್ತದೆ ಎಂದು ಹೋಲಿಸಿ. ಕಪ್ಪು ಬಿಳುಪು ಟೋನರ್ ಎಷ್ಟು ಪುಟ ಬರುತ್ತದೆ ಎಂಬುದನ್ನು ಐಎಸ್ಒ/ಐಇಸಿ 19752 ಪ್ರಕಾರ ಅಳೆದ ಅಂಕಿಯಲ್ಲೇ ಕೇಳಿ, ಇಲ್ಲದಿದ್ದರೆ ಒಬ್ಬೊಬ್ಬರ ಪುಟ ಒಂದೊಂದು ಥರ ಇರುತ್ತದೆ. ಮರುತುಂಬಿದ ಕಾರ್ಟ್ರಿಡ್ಜ್ ಬಳಸಲು ಅಡ್ಡಿ ಮಾಡುವ ಯಂತ್ರ ಬೇಡ.

ವಾಹನಗಳಲ್ಲಿ ಎಲೆಕ್ಟ್ರಿಕ್ಕೋ ಡೀಸೆಲ್ಲೋ ಎಂಬ ಪ್ರಶ್ನೆಗೆ ಉತ್ತರ ಓಡಾಟದ ದಾಖಲೆಯಲ್ಲಿದೆ. ಲಾಗ್ ಪುಸ್ತಕ ತೆಗೆದು ನೋಡಿ. ದಿನಾ ಹೆಚ್ಚುಕಡಿಮೆ ಅಷ್ಟೇ ದೂರ ಓಡಿ, ರಾತ್ರಿ ಒಂದೇ ಜಾಗಕ್ಕೆ ಮರಳುವ ಗಾಡಿಗಳಿಗೆ ಎಲೆಕ್ಟ್ರಿಕ್ ಸಲೀಸಾಗಿ ಹೊಂದುತ್ತದೆ. ನಗರದ ಬಸ್ಸು, ಅಂಚೆ, ಕಸದ ಗಾಡಿ ಈ ಗುಂಪಿನವು. ಚೀನಾದ ಶೆನ್‌ಜೆನ್ ನಗರ 2017ರ ಕೊನೆಯ ಹೊತ್ತಿಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನು ಪೂರ್ತಿ ಎಲೆಕ್ಟ್ರಿಕ್ ಮಾಡಿತು. ಹೆಚ್ಚು ಓಡಿದಷ್ಟೂ ಇಂಧನದ ಉಳಿತಾಯ ಹೆಚ್ಚು, ಕಡಿಮೆ ಓಡುವ ಗಾಡಿಗೆ ಕೊಟ್ಟ ಹೆಚ್ಚು ಬೆಲೆ ಮರಳುವುದು ನಿಧಾನ. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಕಾರನ್ನು ಕೊಳ್ಳುವುದಕ್ಕಿಂತ ಬೇಕಾದಾಗ ಬಾಡಿಗೆಗೆ ಪಡೆಯುವುದು ಮೇಲು. ದೂರದ, ಮುಂಚೆ ಹೇಳಲಾಗದ ಓಡಾಟಕ್ಕೆ ದಾರಿಯ ಚಾರ್ಜಿಂಗ್ ವ್ಯವಸ್ಥೆ ನೋಡದೆ ಆರ್ಡರ್ ಕೊಡಬೇಡಿ. ಬ್ಯಾಟರಿಯ ವಾರಂಟಿಯನ್ನು ವರ್ಷದ ಲೆಕ್ಕದಲ್ಲೂ, ಉಳಿಯಬೇಕಾದ ಸಾಮರ್ಥ್ಯದ ಶೇಕಡಾವಾರು ಲೆಕ್ಕದಲ್ಲೂ ಬರೆಸಿ.

ಸ್ವಚ್ಛತೆಯ ಸಾಮಗ್ರಿ ಸಾಂದ್ರ ರೂಪದಲ್ಲಿ ಬರಲಿ, ಅಳೆದು ಹಾಕುವ ಸಾಧನ ಜೊತೆಗಿರಲಿ. ಪೀಠೋಪಕರಣಕ್ಕೆ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಹಲಗೆ ಕೇಳಿ, ಬಿಡಿಭಾಗ ಬದಲಿಸಲು ಬರುವ ಕುರ್ಚಿ ಆರಿಸಿ.

ಮಾಲು ಬಂದ ಮೇಲೆ

ಎಷ್ಟೋ ಹಸಿರು ಟೆಂಡರ್‌ಗಳು ಸೋಲುವುದು ಇಲ್ಲಿ. ಸ್ಯಾಂಪಲ್ ಒಂದು, ಬಂದ ಮಾಲು ಇನ್ನೊಂದು. ಬಿಲ್ ಪಾಸ್ ಮಾಡುವ ಮುನ್ನ ಬಂದ ಲಾಟಿನಿಂದ ನಾಲ್ಕೈದು ತುಂಡು ತೆಗೆದು ಲ್ಯಾಬಿಗೆ ಕಳಿಸುವ ಹಕ್ಕು, ಅದರ ಖರ್ಚು ಯಾರದು, ಫೇಲಾದರೆ ದಂಡ ಎಷ್ಟು ಎಂಬುದು ಕರಾರಿನಲ್ಲಿರಬೇಕು. ಹಳೇ ಮಾಲು ವಾಪಸ್ ಒಯ್ದದ್ದಕ್ಕೆ ಅಧಿಕೃತ ಮರುಸಂಸ್ಕರಣಾ ಘಟಕದ ರಸೀತಿ ಕೊಡದ ಹೊರತು ಕೊನೆಯ ಕಂತು ಬಿಡಬೇಡಿ. ದಾಸ್ತಾನು ಪುಸ್ತಕದಲ್ಲಿ ಮಾಡೆಲ್ ನಂಬರು, ಪ್ರಮಾಣಪತ್ರದ ನಂಬರು ಎರಡೂ ಬರೆದಿಡಿ. ಪ್ರಮಾಣಪತ್ರ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಆಯಾ ಸಂಸ್ಥೆಯ ಜಾಲತಾಣದಲ್ಲಿ ನೋಡಲು ಎರಡು ನಿಮಿಷ ಸಾಕು.

ಸಣ್ಣ ಕಚೇರಿಗಳಿಗೆ

ಐದಾರು ಜನರ ಕಚೇರಿಯಲ್ಲಿ ಲ್ಯೂಮೆನ್ ಲೆಕ್ಕ ಹಾಕುತ್ತ ಕೂರಲು ಯಾರಿಗೆ ಪುರುಸೊತ್ತು? ಇದನ್ನು ಎಲ್ಲ ಕಚೇರಿಗಳೂ ಬೇರೆ ಬೇರೆಯಾಗಿ ಮಾಡಬೇಕಾಗಿಯೂ ಇಲ್ಲ. ಜಪಾನ್ 2000ನೇ ಇಸವಿಯಲ್ಲೇ ಹಸಿರು ಖರೀದಿ ಕಾಯ್ದೆ ಮಾಡಿತು, ಮರುವರ್ಷ ಅದು ಪೂರ್ತಿ ಜಾರಿಗೆ ಬಂತು. ಅಲ್ಲಿ ಯಾವ ವಸ್ತುವಿಗೆ ಯಾವ ಮಟ್ಟ ಎಂಬ ಪಟ್ಟಿಯನ್ನು ಕೇಂದ್ರದಲ್ಲೇ ತಯಾರಿಸುತ್ತಾರೆ. ಸಚಿವಾಲಯಗಳು ಆ ಪಟ್ಟಿ ಹಿಡಿದು ಕೊಳ್ಳಬೇಕು, ವರ್ಷದ ಕೊನೆಗೆ ಎಷ್ಟು ಕೊಂಡೆವು ಎಂದು ಪ್ರಕಟಿಸಬೇಕು. ಸ್ಥಳೀಯ ಸಂಸ್ಥೆಗಳಿಗೆ ಪ್ರಯತ್ನಿಸಿ ಎನ್ನುವ ಮಟ್ಟದ ಹೊಣೆ ಇದೆ. ದಕ್ಷಿಣ ಕೊರಿಯಾದಲ್ಲೂ 2005ರಿಂದ ಇಂಥದೇ ಕಾಯ್ದೆ ಇದೆ.

ಹಾಗಾಗಿ ನಿಮ್ಮಲ್ಲಿ ಮೇಲಿನ ಇಲಾಖೆ ಮಾಡಿಕೊಂಡ ದರ ಒಪ್ಪಂದ ಇದ್ದರೆ, ಅದರೊಳಗೆ ಹಸಿರು ಮಾಲು ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಸಲ ಸೇರಿಸಿ ಎಂದು ಪತ್ರ ಬರೆಯಿರಿ. ಅಕ್ಕಪಕ್ಕದ ಕಚೇರಿಗಳು ಒಟ್ಟಾಗಿ ಒಂದೇ ಟೆಂಡರ್ ಕರೆಯಬಹುದು, ಪ್ರಮಾಣ ಹೆಚ್ಚಿದಂತೆ ದರ ಇಳಿಯುತ್ತದೆ. ಎರಡೂ ಸಾಧ್ಯವಿಲ್ಲ ಎಂದಾದರೆ ಹೋದ ವರ್ಷದ ಬಿಲ್ಲುಗಳನ್ನು ಹರಡಿ, ಅತಿ ಹೆಚ್ಚು ಹಣ ಹೋದ ಮೂರು ವಸ್ತುಗಳನ್ನು ಗುರುತಿಸಿ, ಆ ಮೂರಕ್ಕೆ ಒಂದೊಂದು ಕಡ್ಡಾಯ ಷರತ್ತು ಬರೆಯಿರಿ. ಮುಂದಿನ ಇಂಡೆಂಟ್ ಬರುವ ಮುಂಚೆಯೇ ಆ ಷರತ್ತುಗಳ ಕರಡು ಫೈಲಿನಲ್ಲಿ ಸಿದ್ಧವಿರಲಿ. ಮಾರ್ಚ್ ಕೊನೆಯ ವಾರದಂಥ ಅವಸರದಲ್ಲಿ ಹೊಸ ಸ್ಪೆಸಿಫಿಕೇಶನ್ ಬರೆಯಲು ಯಾರಿಗೂ ಸಮಯ ಸಿಗುವುದಿಲ್ಲ, ಹಿಂದಿನ ವರ್ಷದ್ದನ್ನೇ ನಕಲು ಮಾಡಿ ಕಳಿಸಿಬಿಡುತ್ತಾರೆ.